ಸೇವೆ ಮಾಡಿದ್ರೆ ಆಯಸ್ಸು ಜಾಸ್ತಿಯಂತೆ, ಆದ್ರೆ "ಯಾಕೆ ಮಾಡ್ತೀರಿ" ಅನ್ನೋದನ್ನ ಅಳೆಯೋದು ಹೇಗೆ?

2025ರ ಆಗಸ್ಟ್‌ನಲ್ಲಿ ಅಮೆರಿಕದಿಂದ ಒಂದು ಅಧ್ಯಯನದ ಸುದ್ದಿ ಬಂತು. ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿ ಮತ್ತೆ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯವರು ಐವತ್ತು ದಾಟಿದ 30,000ಕ್ಕೂ ಹೆಚ್ಚು ಜನರ ಸುಮಾರು 20 ವರ್ಷದ ಮಾಹಿತಿ ತೆಗೆದು ನೋಡಿದಾಗ, ತಮ್ಮ ಮನೆಯಾಚೆಗಿನ ಯಾರಿಗಾದ್ರೂ ರೆಗ್ಯುಲರ್ ಆಗಿ ಸಹಾಯ ಮಾಡ್ತಿರೋರಲ್ಲಿ ವಯಸ್ಸಿನ ಜೊತೆ ಬರೋ ನೆನಪಿನ ಕುಸಿತ, ಯೋಚನೆ ಮಂದ ಆಗೋದು, ಇದೆಲ್ಲ 15ರಿಂದ 20 ಪರ್ಸೆಂಟ್ ನಿಧಾನ ಆಗಿತ್ತಂತೆ. ವಾರಕ್ಕೆ ಎರಡರಿಂದ ನಾಲ್ಕು ಗಂಟೆ ಸಾಕಂತೆ. ಯಾವುದೋ ಸಂಸ್ಥೆಗೆ ಹೆಸರು ಕೊಟ್ಟೇ ಮಾಡ್ಬೇಕು ಅಂತಾನೂ ಇಲ್ಲ, ಪಕ್ಕದ ಮನೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರೋದೂ ಲೆಕ್ಕಕ್ಕೆ ಬರತ್ತೆ.

ಓದಿದವರಿಗೆ ಖುಷಿ ಆಗ್ಬೇಕಿತ್ತು. ಆದ್ರೆ ಇಂಥ ಸುದ್ದಿ ಬಂದಾಗೆಲ್ಲ ಅದರ ಹಿಂದೇನೇ 2012ರ ಇನ್ನೊಂದು ಅಧ್ಯಯನ ಮತ್ತೆ ಮೇಲೆ ಬರತ್ತೆ, ಅದು ಹೇಳೋದೇ ಬೇರೆ: ಬೇರೆಯವರಿಗೋಸ್ಕರ ಸೇವೆ ಮಾಡಿದವರಿಗೆ ಮಾತ್ರ ಆಯಸ್ಸು ಜಾಸ್ತಿ, ತಮಗೋಸ್ಕರ ಮಾಡಿದವರಿಗೆ ಏನೂ ಮಾಡದೇ ಮನೇಲಿ ಕೂತವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದ್ರೆ ಪೇಪರ್ ಓದಿ "ಮರೆವು ಬರಬಾರ್ದು, ಅದಕ್ಕೆ ನಾಳೆಯಿಂದ ನಾನೂ ಹೋಗ್ತೀನಿ" ಅಂತ ಹೊರಟ ಅರವತ್ತೆಂಟರ ರಿಟೈರ್ಡ್ ಮೇಷ್ಟ್ರ ಗತಿ ಏನು? ಆರೋಗ್ಯಕ್ಕೆ ಅಂತ ಮಾಡಿದ್ರೆ ಆರೋಗ್ಯ ಸಿಗಲ್ವಾ?

ಈ ಪ್ರಶ್ನೆಗೆ ಉತ್ತರ ಮೆದುಳು, ಹೃದಯದ ಕಡೆ ಹುಡುಕೋದಕ್ಕಿಂತ ಮೊದ್ಲು ಒಂದು ಸಣ್ಣ ಜಾಗದಲ್ಲಿ ಹುಡುಕ್ಬೇಕು. ಅದು ಆ ಅಧ್ಯಯನದವರು ಜನರಿಗೆ ಕೊಟ್ಟ ಪ್ರಶ್ನೆಪತ್ರಿಕೆ. ಒಬ್ಬ ಮನುಷ್ಯ "ತನಗೋಸ್ಕರ" ಮಾಡ್ತಿದಾನೋ "ಬೇರೆಯವರಿಗೋಸ್ಕರ" ಮಾಡ್ತಿದಾನೋ ಅನ್ನೋದನ್ನ ಯಾರು, ಯಾವ ಪ್ರಶ್ನೆ ಕೇಳಿ ತೀರ್ಮಾನ ಮಾಡಿದ್ರು ಅನ್ನೋದ್ರ ಮೇಲೆ ಹೆಡ್‌ಲೈನ್ ಪೂರ್ತಿ ನಿಂತಿದೆ.

ಮೂವತ್ತು ವಾಕ್ಯದ ಫಾರ್ಮ್

ಪ್ರಪಂಚದಲ್ಲಿ ಈ ವಿಷಯಕ್ಕೆ ತುಂಬಾ ಬಳಕೆಯಲ್ಲಿರೋ ಅಳತೆಗೋಲು ಅಂದ್ರೆ ಗಿಲ್ ಕ್ಲೇರಿ, ಮಾರ್ಕ್ ಸ್ನೈಡರ್ ಮತ್ತವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಅದ್ರಲ್ಲಿ 30 ವಾಕ್ಯ ಇದೆ, ಒಂದೊಂದು ವಾಕ್ಯಾನೂ ನಿಮಗೆ ಎಷ್ಟು ಅನ್ವಯಿಸತ್ತೆ ಅಂತ 1ರಿಂದ 7ರ ತನಕ ನಂಬರ್ ಹಾಕ್ಬೇಕು. ಆ ಮೂವತ್ತೂ ಐದೈದರಂತೆ ಆರು ಡಬ್ಬಿಗೆ ಸೇರತ್ವೆ. ಕಷ್ಟದಲ್ಲಿರೋರ ಬಗ್ಗೆ ಕಾಳಜಿ ಒಂದು ಡಬ್ಬಿ, ಹೊಸದೇನಾದ್ರೂ ಕಲಿಯೋ ಆಸೆ ಇನ್ನೊಂದು. ನಮ್ಮ ಹತ್ತಿರದವರು ಇದಕ್ಕೆ ಬೆಲೆ ಕೊಡ್ತಾರೆ ಅನ್ನೋದು ಮೂರನೇದು. ಆಮೇಲೆ ಕೆರಿಯರ್‌ಗೆ ಅನುಕೂಲ, ಮನಸ್ಸಿನ ಭಾರ ಇಳಿಸ್ಕೊಳ್ಳೋದು, ಕೊನೇದಾಗಿ "ನನ್ನಿಂದಾನೂ ಉಪಯೋಗ ಇದೆ" ಅನ್ನೋ ತೃಪ್ತಿ.

ಇದರ ಹಿಂದಿರೋ ಯೋಚನೆ ಸರಳ, ಒಳ್ಳೇದೂ ಹೌದು. ಇಬ್ರು ಒಂದೇ ಕೆಲಸ ಮಾಡ್ತಿರಬಹುದು, ಆದ್ರೆ ಆ ಕೆಲಸ ಇಬ್ಬರಿಗೂ ಬೇರೆ ಬೇರೆ ಅಗತ್ಯ ಪೂರೈಸ್ತಿರತ್ತೆ. ಆಸ್ಪತ್ರೆ ಹೆಲ್ಪ್ ಡೆಸ್ಕ್‌ನಲ್ಲಿ ಅಕ್ಕಪಕ್ಕ ಕೂತ ಇಬ್ರು ಹಿರಿಯರಲ್ಲಿ ಒಬ್ರು ಹೆಂಡತಿ ತೀರಿಕೊಂಡ ಮೇಲೆ ಮನೆ ಹಿಡಿಸ್ತಿಲ್ಲ ಅಂತ ಬಂದಿರ್ತಾರೆ, ಇನ್ನೊಬ್ರಿಗೆ ನಲವತ್ತು ವರ್ಷ ಮ್ಯಾನೇಜರ್ ಆಗಿದ್ದು ಈಗ ಯಾರೂ ಏನೂ ಕೇಳಲ್ಲ ಅನ್ನೋ ಬೇಜಾರು. ಹೊರಗಿಂದ ನೋಡಿದ್ರೆ ಇಬ್ರೂ ವಾಲಂಟಿಯರ್‌ಗಳೇ.

ಆದ್ರೆ ಈ ಫಾರ್ಮ್‌ನ ಎಪ್ಪತ್ತು ದಾಟಿದವರ ಕೈಗೆ ಕೊಟ್ಟು ನೋಡಿ. ನಾನು ಕೆಲಸ ಮಾಡ್ಬೇಕು ಅಂತಿರೋ ಜಾಗಕ್ಕೆ ಒಳಗೆ ಕಾಲಿಡೋಕೆ ಸೇವೆ ದಾರಿ ಮಾಡಿಕೊಡತ್ತೆ, ನನ್ನ ರೆಸ್ಯೂಮೆ ಚೆನ್ನಾಗಿ ಕಾಣತ್ತೆ ಅನ್ನೋ ಅರ್ಥದ ವಾಕ್ಯಗಳೂ ಅದ್ರಲ್ಲಿವೆ. ಪೆನ್ಷನ್ ತಗೊಳ್ಳೋರು ರೆಸ್ಯೂಮೆ ಪ್ರಶ್ನೆಗೆ ಏನು ಹೇಳ್ಬೇಕು, ಎಲ್ಲದಕ್ಕೂ 1 ಹಾಕಿ ಮುಂದೆ ಹೋಗ್ತಾರೆ, ಅಂದ್ರೆ ಆರರಲ್ಲಿ ಒಂದು ಡಬ್ಬಿ ಖಾಲಿ. ಆದ್ರಿಂದ ಸಂಶೋಧಕರಿಗೆ ಬಂದ ಪ್ರಶ್ನೆ ಏನಂದ್ರೆ, ಎಲ್ಲಾ ವಯಸ್ಸಿನವರಿಗೆ ಅಂತ ಮಾಡಿದ ಈ ಆರರ ಲೆಕ್ಕ ವಯಸ್ಸಾದವರಿಗೆ ಹೊಂದತ್ತಾ?

ಒಂದಾ, ಎರಡಾ, ಆರಾ

ಇದ್ರ ಬಗ್ಗೆ ಮೂರು ಪಕ್ಷ ಇತ್ತು. 1991ರಲ್ಲಿ ರಾಮ್ ಕ್ನಾನ್ ಮತ್ತು ರಾಬಿನ್ ಗೋಲ್ಡ್‌ಬರ್ಗ್ ಗ್ಲೆನ್ ಅನ್ನೋರು 28 ಕಾರಣಗಳ ಪಟ್ಟಿ ಇಟ್ಕೊಂಡು ಅಳೆದು, ಇವೆಲ್ಲ ಬೇರೆ ಬೇರೆ ಅಲ್ಲ, ಜನ ಸ್ವಾರ್ಥ ಪರಾರ್ಥ ಎಲ್ಲಾ ಬೆರೆಸಿ ಒಂದೇ ಅನುಭವವಾಗಿ ನೋಡ್ತಾರೆ ಅಂದಿದ್ರು. ಎರಡನೇ ಪಕ್ಷದವರದ್ದು ನಮ್ಮೆಲ್ಲರ ಸಾಮಾನ್ಯ ಜ್ಞಾನಕ್ಕೆ ಹತ್ತಿರ, ಒಂದು ಕಡೆ ಪರೋಪಕಾರ ಇನ್ನೊಂದು ಕಡೆ ಸ್ವಂತ ಲಾಭ, ಎರಡೇ. ಮೂರನೇದು ಮೇಲೆ ಹೇಳಿದ ಆರು.

ಯಾವುದು ಸರಿ ಅಂತ ಹೇಳೋದು ಹೇಗೆ? ಇಲ್ಲಿ ಸ್ಟಾಟಿಸ್ಟಿಕ್ಸ್ ಸ್ವಲ್ಪ ಬೇಕು, ಆದ್ರೆ ಐಡಿಯಾ ಕಷ್ಟದ್ದಲ್ಲ. ಬೀದೀಲಿ ಕರೆಂಟ್ ಹೋದಾಗ ಯಾವ್ಯಾವ ಮನೆ ಒಟ್ಟಿಗೆ ಕತ್ತಲಾಯ್ತು ಅಂತ ನೋಡಿ ಯಾವ ಮನೆ ಯಾವ ಫೇಸ್‌ನಲ್ಲಿದೆ ಅಂತ ಹೇಳ್ತೀವಲ್ಲ, ಹಾಗೇನೇ. ಕಂಬ ಹತ್ತಿ ವೈರ್ ನೋಡ್ಬೇಕಾಗಿಲ್ಲ. ಮೂವತ್ತು ವಾಕ್ಯಗಳಲ್ಲಿ ಯಾವುದಕ್ಕೆ ಜಾಸ್ತಿ ನಂಬರ್ ಹಾಕಿದವರು ಇನ್ಯಾವುದಕ್ಕೂ ಜಾಸ್ತಿ ಹಾಕ್ತಾರೆ, ಯಾವ್ಯಾವು ಒಟ್ಟಿಗೆ ಏರಿ ಒಟ್ಟಿಗೆ ಇಳಿಯತ್ವೆ ಅಂತ ನೋಡ್ತಾರೆ. ಎಲ್ಲಾ ಒಟ್ಟಿಗೇ ಏರಿಳಿದ್ರೆ ಒಂದೇ ಲೈನ್. ಎರಡು ಗುಂಪಾಗಿ ಆದ್ರೆ ಎರಡು.

1998ರಲ್ಲೇ ಮೋರಿಸ್ ಓಕುನ್, ಅಲಿಸಿಯಾ ಬಾರ್, ರೆಗುಲಾ ಹರ್ಝೋಗ್ ಮೂರೂ ಜನ ಸೇರಿ ವಯಸ್ಸಾದ ವಾಲಂಟಿಯರ್‌ಗಳ ಎರಡು ಗುಂಪಿನ ಉತ್ತರ ತಗೊಂಡು ಈ ಮೂರು ಲೆಕ್ಕಾನೂ ಎದುರುಬದುರು ನಿಲ್ಲಿಸಿದ್ರು. ಆರರ ಲೆಕ್ಕಾನೇ ಉತ್ತರಗಳಿಗೆ ಚೆನ್ನಾಗಿ ಹೊಂದ್ಕೊಳ್ತು. ಅಂದ್ರೆ ವಯಸ್ಸಾದ ಮೇಲೆ ಮನುಷ್ಯ ಬರೀ "ಪರೋಪಕಾರಿ" ಅಥವಾ ಬರೀ "ಟೈಂ ಪಾಸ್" ಗಿರಾಕಿ ಆಗಿಬಿಡಲ್ಲ, ಅವರ ಕಾರಣಗಳೂ ಕಿರಿಯರಷ್ಟೇ ಕವಲುಕವಲಾಗಿರತ್ವೆ ಅಂತ ಆಯ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು, ಹೆಚ್ಚಿನವರು ಇದನ್ನ ಹಾರಿಸಿಬಿಡ್ತಾರೆ. ಆರು ಡಬ್ಬಿ ಹೊಂದತ್ತೆ ಅಂದ ತಕ್ಷಣ ಮನುಷ್ಯನ ಮನಸ್ಸಲ್ಲಿ ಇರೋದೇ ಆರು ಕಾರಣ ಅಂತಲ್ಲ. ನೀವು ಕೇಳಿದ ಮೂವತ್ತು ವಾಕ್ಯದ ಒಳಗೆ ಆರು ಗುಂಪು ಕಾಣ್ತಿದೆ ಅಷ್ಟೇ. ಕೇಳದೇ ಇದ್ದ ವಾಕ್ಯ ಯಾವ ಡಬ್ಬಿಗೂ ಬೀಳಲ್ಲ, ಕಂಬಕ್ಕೆ ವೈರೇ ಎಳೆಯದ ಮನೆ ಯಾವ ಫೇಸ್ ಅಂತ ಕೇಳಿದ ಹಾಗೆ. ಈ ಮಾತು ನಮ್ಮ ಕಡೆಗೆ ಬಂದಾಗ ಮತ್ತೆ ಬೇಕಾಗತ್ತೆ.

ಒಂಟಿತನ ಯಾವ ಡಬ್ಬಿ?

ಫಾರ್ಮ್‌ನ ಇನ್ನೂ ಹತ್ತಿರದಿಂದ ನೋಡಿದ್ರೆ ತಮಾಷೆ ಶುರುವಾಗತ್ತೆ. ವಯಸ್ಸಾದವರು ಸೇವೆಗೆ ಬರೋದಕ್ಕೆ ನಾವೆಲ್ಲ ಮೊದಲು ಹೇಳೋ ಕಾರಣ ಏನು? ಒಂಟಿತನ, ನಾಲ್ಕು ಜನ ಸಿಗ್ತಾರೆ ಅನ್ನೋದು. ಈಗ ಇದನ್ನ ಆ ಮೂವತ್ತರಲ್ಲಿ ಹುಡುಕಿ. "ಸೇವೆಯಿಂದ ಒಂಟಿತನ ಕಡಿಮೆ ಆಗತ್ತೆ" ಅನ್ನೋ ವಾಕ್ಯ ಮನಸ್ಸಿನ ಭಾರ ಇಳಿಸೋ ಡಬ್ಬಿಯಲ್ಲಿದೆ. "ಹೊಸ ಸ್ನೇಹಿತರು ಸಿಗ್ತಾರೆ" ಅನ್ನೋದು ಸ್ವಂತ ತೃಪ್ತಿಯ ಡಬ್ಬಿಯಲ್ಲಿ. "ನನ್ನ ಸ್ನೇಹಿತರು ಮಾಡ್ತಾರೆ" ಅನ್ನೋದು ಹತ್ತಿರದವರ ಡಬ್ಬಿಯಲ್ಲಿ. ಒಂದೇ ಸಂಜೆ ಒಂದೇ ಪಾರ್ಕಿನ ಬೆಂಚಲ್ಲಿ ಕೂತವರ ಬಾಯಿಂದ ಬರೋ ಒಂದೇ ಮಾತು ಮೂರು ಕಡೆ ಹಂಚಿಹೋಯ್ತು.

ಆಮೇಲೆ ಓಕುನ್ ಮತ್ತು ಶುಲ್ಟ್ಸ್ 2003ರಲ್ಲಿ ಬಡವರಿಗೆ ಮನೆ ಕಟ್ಟಿಕೊಡೋ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯ ವಾಲಂಟಿಯರ್‌ಗಳನ್ನ ನೋಡಿದಾಗ, ವಯಸ್ಸು ಏರಿದ ಹಾಗೆ ಕೆರಿಯರ್ ಕಾರಣ ಇಳಿಯತ್ತೆ (ಅದು ಯಾರಿಗೂ ಆಶ್ಚರ್ಯ ಅಲ್ಲ), ಕಲಿಯೋ ಆಸೇನೂ ಇಳಿಯತ್ತೆ, ಹತ್ತಿರದವರ ಕಾರಣ ಏರತ್ತೆ ಅಂತ ಬಂತು. ಪರೋಪಕಾರದ ನಂಬರ್ ಮಾತ್ರ ವಯಸ್ಸಿನ ಜೊತೆ ಏರಲಿಲ್ಲ. ವಯಸ್ಸಾದವರು ಸೇವೆಗೆ ಬರೋದು ಅವರ ಮನಸ್ಸು ಮಾಗಿ ದೊಡ್ಡದಾಗಿರೋದ್ರಿಂದ ಅನ್ನೋ ನಮ್ಮ ಪ್ರೀತಿಯ ನಂಬಿಕೆಗೆ ಅಲ್ಲಿ ಸಪೋರ್ಟ್ ಸಿಗಲಿಲ್ಲ.

ಇದಕ್ಕೆ ಕಾರಣ ಕೊಡೋಕೆ ಸಾಮಾನ್ಯವಾಗಿ ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟನ್‌ಸನ್ ಅವರ ಸಿದ್ಧಾಂತ ತರ್ತಾರೆ. ಮುಂದೆ ಇರೋ ಟೈಂ ಕಡಿಮೆ ಅಂತ ಮನಸ್ಸಿಗೆ ಅನ್ಸಿದಾಗ ಜನ ದೂರದ ಲಾಭ ಬಿಟ್ಟು ಈಗ ಮನಸ್ಸಿಗೆ ಹಿತ ಕೊಡೋ ಸಂಬಂಧಗಳ ಕಡೆ ವಾಲ್ತಾರೆ ಅನ್ನೋದು ಅದರ ಸಾರ. ಕಲಿಕೆ ಅಂದ್ರೆ ಮುಂದಕ್ಕೆ ಕೂಡಿಡೋದು, ಅದು ಇಳಿಯತ್ತೆ. ಜನ ಅಂದ್ರೆ ಇವತ್ತಿನ ಸುಖ, ಅದು ಏರತ್ತೆ. ಹೊಂದಿಕೊಳ್ಳೋ ವಿವರಣೆನೇ, ಆದ್ರೆ ಅರವತ್ತು ದಾಟಿ ಮೊಬೈಲ್‌ನಲ್ಲಿ ಸಂಸ್ಕೃತ, ವೀಣೆ ಕಲೀತಿರೋರನ್ನ ನೋಡಿದವರಿಗೆ ಪೂರ್ತಿ ಒಪ್ಪೋದು ಕಷ್ಟ.

ಈಗ ಆ 2012ರ ಸಾವಿನ ಲೆಕ್ಕ

ಸಾರಾ ಕಾನ್‌ರಾತ್ ಮತ್ತವರ ಟೀಮ್ ಬಳಸಿದ್ದು ವಿಸ್ಕಾನ್ಸಿನ್ ರಾಜ್ಯದ ಒಂದು ದೀರ್ಘ ಅಧ್ಯಯನದ ಮಾಹಿತಿ. 1957ರಲ್ಲಿ ಅಲ್ಲಿ ಹೈಸ್ಕೂಲ್ ಮುಗಿಸಿದ ಸುಮಾರು 10,000 ಜನರನ್ನ ಆಗಿನಿಂದ ಹಿಂಬಾಲಿಸಿಕೊಂಡು ಬಂದಿರೋದು ಅದು. 2004ರಲ್ಲಿ, ಅವರಿಗೆ ಸುಮಾರು 65 ಆಗಿದ್ದಾಗ, ಸೇವೆ ಮಾಡ್ತೀರಾ, ಮಾಡೋದಾದ್ರೆ ಯಾವ ಕಾರಣ ಎಷ್ಟು ಮುಖ್ಯ ಅಂತ ಕೇಳಿದ್ರು. ನಾಲ್ಕು ವರ್ಷದ ನಂತರ ಯಾರು ಬದುಕಿದಾರೆ ಅಂತ ನೋಡಿದ್ರು. ಸೇವೆ ಮಾಡದೇ ಇದ್ದವರಲ್ಲಿ 4.3 ಪರ್ಸೆಂಟ್ ತೀರಿಕೊಂಡಿದ್ರು, ಸ್ವಂತ ಕಾರಣಕ್ಕೆ ಮಾಡಿದವರಲ್ಲಿ 4, ಬೇರೆಯವರಿಗೋಸ್ಕರ ಮಾಡಿದವರಲ್ಲಿ 1.6.

ಅಂಕಿ ನೋಡಿದ್ರೆ ದೇವರೇ ಲೆಡ್ಜರ್ ಬರೆದ ಹಾಗಿದೆ. ಆದ್ರೆ ನಿಧಾನಕ್ಕೆ ಬಿಚ್ಚಿ ನೋಡಿ.

ಮೊದಲು, ಆ ಲೆಕ್ಕದಲ್ಲಿ "ಬೇರೆಯವರಿಗೋಸ್ಕರ" ಅನ್ನೋ ಕಡೆ ಏನೇನು ಸೇರಿತ್ತು? ಪರೋಪಕಾರ ಸೇರಿತ್ತು, ಜೊತೆಗೆ ಜನರ ಒಡನಾಟದ ಆಸೇನೂ ಸೇರಿತ್ತು. "ನನಗೋಸ್ಕರ" ಕಡೆ ಸೇರಿದ್ದು ಮನಸ್ಸಿನ ತೊಂದರೆ ಮರೆಯೋದು, ನನ್ನ ಬಗ್ಗೆ ನನಗೆ ಒಳ್ಳೇ ಭಾವನೆ ಬರೋದು, ಕಲಿಯೋದು ಇಂಥವು. ಅಂದ್ರೆ ನಾಲ್ಕು ಜನರ ಜೊತೆ ಇರ್ಬೇಕು ಅಂತ ಬಂದವರನ್ನ ಇನ್ನೊಂದು ಡಬ್ಬಿಗೆ ಹಾಕಿದ್ರೆ ಲೆಕ್ಕ ಹೇಗೆ ಬರ್ತಿತ್ತು ಅನ್ನೋದು ಬೇರೇನೇ ಪ್ರಶ್ನೆ. ಮೇಷ್ಟ್ರು ಭಯ ಪಡೋ ಅಗತ್ಯ ಇಲ್ಲ, ಅವರು ಪಾರ್ಕಿನ ಗೆಳೆಯರ ಜೊತೆ ಹೋದ್ರೆ ಈ ಲೆಕ್ಕದ ಪ್ರಕಾರ ಪರಾರ್ಥಿಗಳ ಸಾಲಿಗೇ ಹತ್ತಿರ.

ಎರಡನೇದು ಕಾರಣ ಯಾವುದು, ಪರಿಣಾಮ ಯಾವುದು ಅನ್ನೋದು. "ನನ್ನ ಕಷ್ಟ ಮರೆಯೋಕೆ ಸೇವೆ ಮಾಡ್ತೀನಿ" ಅನ್ನೋ ವಾಕ್ಯಕ್ಕೆ ಜಾಸ್ತಿ ನಂಬರ್ ಹಾಕೋರು ಯಾರು? ಮರೆಯೋಕೆ ಕಷ್ಟ ಇರೋರು. ಗಂಡನಿಗೆ ಪಾರ್ಶ್ವವಾಯು, ಮಗನ ಜೊತೆ ಮಾತಿಲ್ಲ, ಸಾಲ, ಅಥವಾ ತಮಗೇ ಆರೋಗ್ಯ ಸರಿ ಇಲ್ಲ. ಅಂಥವರು ನಾಲ್ಕು ವರ್ಷದಲ್ಲಿ ಜಾಸ್ತಿ ತೀರಿಕೊಂಡ್ರೆ ಅದಕ್ಕೆ ಸ್ವಾರ್ಥ ಕಾರಣಾನಾ ಆ ಕಷ್ಟ ಕಾರಣಾನಾ? ಸಂಶೋಧಕರು ಆರೋಗ್ಯ, ಆದಾಯ ಇಂಥದ್ದನ್ನೆಲ್ಲ ಲೆಕ್ಕಕ್ಕೆ ತಗೊಂಡೇ ನೋಡಿದ್ರು, ಆದ್ರೆ ಮನುಷ್ಯನ ಕಷ್ಟ ಪೂರ್ತಿಯಾಗಿ ಯಾವ ಫಾರ್ಮಿಗೂ ಸಿಗಲ್ಲ.

ಮೂರನೇದಾಗಿ ಅವರೆಲ್ಲ ಒಂದು ರಾಜ್ಯದವರು, ಒಂದೇ ವಯಸ್ಸು, ಕನಿಷ್ಠ ಹೈಸ್ಕೂಲ್ ಮುಗಿಸಿದವರು, ಹತ್ತಿರ ಹತ್ತಿರ ಎಲ್ಲರೂ ಬಿಳಿಯರು. ಅಲ್ಲಿ ನಿಂತದ್ದು ಬೇರೆ ಕಡೆನೂ ನಿಲ್ಲತ್ತಾ ಅಂತ ಬೇರೆ ಕಡೆನೇ ನೋಡ್ಬೇಕು. 2025ರ ಅಧ್ಯಯನ ಇದಕ್ಕೆ ವಿರೋಧ ಅಂತಾನೂ ಅಲ್ಲ, ಅದ್ರ ಗಮನ ಇದ್ದಿದ್ದು ಏನು ಮಾಡ್ತೀರಿ, ಎಷ್ಟು ಹೊತ್ತು ಮಾಡ್ತೀರಿ ಅನ್ನೋದ್ರ ಮೇಲೆ. ಎರಡೂ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ಹೆಡ್‌ಲೈನ್‌ನಲ್ಲಿ ಮಾತ್ರ ಜಗಳ ಆಡ್ತಿವೆ.

ಸ್ವಾರ್ಥಿಗಳೇ ಜಾಸ್ತಿ ದಿನ ಉಳೀತಾರೆ ಅಂದವರು

ಸಂಸ್ಥೆ ನಡೆಸೋರಿಗೆ ಆಯಸ್ಸಿನ ಚಿಂತೆಗಿಂತ ದೊಡ್ಡ ಚಿಂತೆ ಒಂದಿದೆ, ಬಂದವರು ಮುಂದಿನ ತಿಂಗಳೂ ಬರ್ತಾರಾ ಅನ್ನೋದು. ಇಲ್ಲಿ ಚಿತ್ರ ಉಲ್ಟಾ ಆಗತ್ತೆ. ಅಲೆನ್ ಓಮೋಟೊ ಮತ್ತು ಮಾರ್ಕ್ ಸ್ನೈಡರ್ 1995ರಲ್ಲಿ ಏಡ್ಸ್ ರೋಗಿಗಳ ಸೇವೆಗೆ ಬಂದ ವಾಲಂಟಿಯರ್‌ಗಳನ್ನ ಎರಡೂವರೆ ವರ್ಷ ನೋಡಿದಾಗ ಜಾಸ್ತಿ ದಿನ ಉಳಿದವರು ತಮ್ಮ ಕಲಿಕೆ, ತಮ್ಮ ಬೆಳವಣಿಗೆ, ತಮ್ಮ ಆತ್ಮವಿಶ್ವಾಸಕ್ಕೆ ಅಂತ ಬಂದವರು. ಅವರು ಬರೀ ಹಿರಿಯರಲ್ಲ ಅನ್ನೋದು ನೆನಪಿರಲಿ. ಆಮೇಲೆ ಪೆನ್ನರ್ ಮತ್ತು ಫಿಂಕಲ್‌ಸ್ಟೀನ್ 1998ರಲ್ಲಿ ಅದೇ ಥರದ ಸೇವೆಯವರನ್ನೇ ನೋಡಿ ಇಲ್ಲ, ಪರೋಪಕಾರದ ಕಾರಣಕ್ಕೂ ಉಳಿಯೋದಕ್ಕೂ ಸಂಬಂಧ ಇದೆ ಅಂದ್ರು. ಜಗಳ ಇನ್ನೂ ಮುಗಿದಿಲ್ಲ.

ಆ ಫಾರ್ಮ್ ಮಾಡಿದವರದ್ದೇ ಮೂರನೇ ಮಾತು ಒಂದಿದೆ, ನನಗೆ ಇದೇ ಹೆಚ್ಚು ಸರಿ ಅನ್ಸತ್ತೆ: ಯಾವ ಕಾರಣ ಅನ್ನೋದು ಮುಖ್ಯ ಅಲ್ಲ, ಬಂದ ಕಾರಣಕ್ಕೆ ತಕ್ಕದ್ದು ಸಿಕ್ತಾ ಅನ್ನೋದು ಮುಖ್ಯ. 1998ರ ಅದೇ ಪೇಪರ್‌ನಲ್ಲಿ ಒಂದು ಆಸ್ಪತ್ರೆಯ ವಯಸ್ಸಾದ ವಾಲಂಟಿಯರ್‌ಗಳ ಮೇಲೇ ಇದನ್ನ ನೋಡಿದ್ರು, ತಮಗೆ ಮುಖ್ಯ ಅನ್ನಿಸಿದ್ದೇ ಅಲ್ಲಿ ದಕ್ಕಿದವರು ಹೆಚ್ಚು ತೃಪ್ತರಾಗಿದ್ರು. ಜನ ಬೇಕು ಅಂತ ಬಂದ ಅಜ್ಜಿಯನ್ನ ಹಿಂದಿನ ರೂಮಲ್ಲಿ ಒಬ್ಬರೇ ಕೂರಿಸಿ ಕವರ್‌ಗೆ ಅಡ್ರೆಸ್ ಬರೆಸಿದ್ರೆ ಅವರು ಮೂರನೇ ವಾರ ಬರಲ್ಲ. ರಿಟೈರ್ಡ್ ಅಕೌಂಟೆಂಟ್‌ಗೆ ಕುರ್ಚಿ ಜೋಡಿಸೋ ಕೆಲಸ ಕೊಟ್ರೂ ಅಷ್ಟೇ. ಅಳತೆಯಿಂದ ಇರೋ ಉಪಯೋಗ ಇದು, ಯಾರು ಒಳ್ಳೇವ್ರು ಅಂತ ಮಾರ್ಕ್ಸ್ ಹಾಕೋಕೆ ಅಲ್ಲ.

ಬಾಲ್ಟಿಮೋರ್‌ನವರು ಹಿಡಿದ ದಾರಿ

ಬರೀ ಆರೋಗ್ಯಕ್ಕೆ ಅಂತ ಕರೆದ್ರೆ ಜನ ಬರ್ತಾರಾ, ಬಂದ್ರೂ ಉಳೀತಾರಾ ಅನ್ನೋ ಅನುಮಾನ ಇದ್ದೇ ಇದೆ, ಹಾಗಂತ ಆರೋಗ್ಯ ಬೇಡ ಅಂತಾನೂ ಅಲ್ಲ. ಇದನ್ನ ಬಿಡಿಸಿದ ರೀತಿ ನೋಡ್ಬೇಕಂದ್ರೆ 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಎಕ್ಸ್‌ಪೀರಿಯನ್ಸ್ ಕೋರ್ ನೋಡ್ಬೇಕು. ಅರವತ್ತು ದಾಟಿದವರು ವಾರಕ್ಕೆ 15 ಗಂಟೆ ಸರ್ಕಾರಿ ಪ್ರೈಮರಿ ಶಾಲೆಗಳಿಗೆ ಹೋಗಿ ಚಿಕ್ಕ ಮಕ್ಕಳಿಗೆ ಓದೋಕೆ ಸಹಾಯ ಮಾಡೋ ಕಾರ್ಯಕ್ರಮ ಅದು. ವೈದ್ಯೆ ಲಿಂಡಾ ಫ್ರೀಡ್ ಮತ್ತವರ ಜೊತೆಗಾರರು ಬಾಲ್ಟಿಮೋರ್‌ನಲ್ಲಿ ಇದನ್ನ ಹಿರಿಯರ ಆರೋಗ್ಯದ ಕಾರ್ಯಕ್ರಮವಾಗಿಯೇ ರೂಪಿಸಿದ್ರು, ಓಡಾಟ, ಮೆಟ್ಟಿಲು, ತಲೆಗೆ ಕೆಲಸ, ಜನರ ಜೊತೆ ಮಾತು ಎಲ್ಲಾ ಅದ್ರಲ್ಲೇ ಬೆರೆಸಿ. ಆದ್ರೆ ಜನರನ್ನ ಕರೆದಿದ್ದು ಮಾತ್ರ ಮಕ್ಕಳ ಹೆಸರಲ್ಲಿ, ಬನ್ನಿ ನಿಮ್ಮ ಊರಿನ ಮಕ್ಕಳಿಗೆ ನಿಮ್ಮ ಅಗತ್ಯ ಇದೆ ಅಂತ.

ಮಗು ಬಾಯಿಗೆ ಕಹಿ ಔಷಧೀನ ಬೆಲ್ಲದಲ್ಲಿ ಇಟ್ಟು ಕೊಟ್ಟ ಹಾಗೆ ಅಂತ ಅನ್ನಿಸಬಹುದು, ಆದ್ರೆ ಮೋಸ ಅಲ್ಲ, ಇಲ್ಲಿ ಬೆಲ್ಲಾನೂ ನಿಜವಾದ್ದೇ. ಮುಂದಿನ ಪೀಳಿಗೆಗೆ ಏನಾದ್ರೂ ಬಿಟ್ಟು ಹೋಗ್ಬೇಕು ಅನ್ನೋ ಆಸೆಯನ್ನ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಬದುಕಿನ ಒಂದು ಘಟ್ಟದ ಮುಖ್ಯ ಅಗತ್ಯ ಅಂತ ಗುರುತಿಸಿದ್ರು, ಈ ಕಾರ್ಯಕ್ರಮ ನಿಂತಿದ್ದೇ ಅದರ ಮೇಲೆ. ವಿಚಿತ್ರ ಏನಂದ್ರೆ ಮೇಲೆ ಹೇಳಿದ ಆರು ಡಬ್ಬಿಯಲ್ಲಿ ಇದಕ್ಕೆ ಅಂತ ಪ್ರತ್ಯೇಕ ಡಬ್ಬಿ ಇಲ್ಲ.

ಬಾಲ್ಟಿಮೋರ್‌ನಲ್ಲಿ ಆಮೇಲೆ 702 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪ್ರಯೋಗಾನೂ ನಡೆಸಿದ್ರು, ಒಂದು ಗುಂಪು ಈ ಶಾಲೆಗಳಿಗೆ, ಇನ್ನೊಂದು ಅದಿಲ್ಲದೆ. ಹೀಗೆ ಮಾಡಿದ್ರೆ ಆರೋಗ್ಯವಂತರೇ ಸೇವೆಗೆ ಬರ್ತಾರೆ ಅನ್ನೋ ಅನುಮಾನ ಹೋಗತ್ತೆ. ಆದ್ರೆ ಶಾಲೆಗೆ ಯಾರು ಹೋಗ್ಬೇಕು ಅನ್ನೋದಕ್ಕೆ ಚೀಟಿ ಎತ್ತಬಹುದು, ಯಾವ ಮನಸ್ಸಿಂದ ಹೋಗ್ಬೇಕು ಅನ್ನೋದಕ್ಕೆ ಎತ್ತೋಕಾಗಲ್ಲ. ಉದ್ದೇಶಕ್ಕೂ ಆಯಸ್ಸಿಗೂ ಸಂಬಂಧ ಪಕ್ಕಾ ಅಂತ ಯಾರಾದ್ರೂ ಹೇಳಿದ್ರೆ ಈ ಒಂದು ಕಾರಣಕ್ಕೆ ಸ್ವಲ್ಪ ಅನುಮಾನ ಇಟ್ಕೊಳ್ಳಿ.

ಇದೇ ಫಾರ್ಮ್ ಹಿಡ್ಕೊಂಡು ಮಂಡ್ಯಕ್ಕೆ ಹೋದ್ರೆ

ವಿಶ್ವಸಂಸ್ಥೆ 2026ನ್ನ ಅಂತರರಾಷ್ಟ್ರೀಯ ಸ್ವಯಂಸೇವಕರ ವರ್ಷ ಅಂತ ಘೋಷಿಸಿದೆ. ಭಾರತದಲ್ಲಿ ಅರವತ್ತು ದಾಟಿದವರು 2022ಕ್ಕೆ ಸುಮಾರು 14.9 ಕೋಟಿ ಇದ್ರು, 2050ಕ್ಕೆ 34.7 ಕೋಟಿ ಆಗ್ತಾರೆ ಅನ್ನೋದು ವಿಶ್ವಸಂಸ್ಥೆ ಜನಸಂಖ್ಯಾ ನಿಧಿಯ ಅಂದಾಜು. ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ 2021ರಿಂದ ಹೊಸ ರೂಪದಲ್ಲಿದೆ, ಶಾಲೆಗಳು ಏನು ಬೇಕು ಅಂತ ಹಾಕ್ತವೆ, ನಿವೃತ್ತರೂ ಹೆಸರು ಕೊಡಬಹುದು. ಹಾಗಾಗಿ ನಮ್ಮ ಹಿರಿಯರು ಯಾಕೆ ಬರ್ತಾರೆ, ಯಾಕೆ ಬರಲ್ಲ ಅನ್ನೋ ಸರ್ವೇಗಳು ಇಲ್ಲೂ ಜಾಸ್ತಿ ಆಗೋದೇ. ಮೂವತ್ತು ವಾಕ್ಯಾನ ಕನ್ನಡಕ್ಕೆ ಇಳಿಸಿ ಹಂಚೋದು ಸುಲಭ ಅನ್ಸತ್ತೆ. ಅಷ್ಟು ಸುಲಭ ಇಲ್ಲ.

ಮೊದಲ ಪದದಲ್ಲೇ ಎಡವಟ್ಟು. ಸ್ವಯಂಸೇವಕ ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನಕ್ಕೆ ಒಂದು ಸಂಘಟನೆ ನೆನಪಾಗತ್ತೆ, ಇನ್ನರ್ಧ ಜನಕ್ಕೆ ಜಾತ್ರೆ, ಸಮ್ಮೇಳನದಲ್ಲಿ ಎದೆಗೆ ಬ್ಯಾಡ್ಜ್ ಹಾಕ್ಕೊಂಡು ಜನ ತಳ್ಳೋ ಹುಡುಗರು. "ನೀವು ಸ್ವಯಂಸೇವಕರಾಗಿದ್ದೀರಾ ಅಜ್ಜಿ" ಅಂದ್ರೆ "ಅಯ್ಯೋ ನಾನ್ಯಾಕಪ್ಪ" ಅಂತಾರೆ. ಅದೇ ಅಜ್ಜಿ ಊರ ದೇವಸ್ಥಾನದ ಅನ್ನ ಸಂತರ್ಪಣೆಗೆ ಬೆಳಗಿನ ಜಾವ ಎದ್ದು ಹೋಗಿ ಈಳಿಗೆಮಣೆ ಮುಂದೆ ಕೂತು ಎರಡು ಮಂಕರಿ ಕುಂಬಳಕಾಯಿ ಹೆಚ್ಚಿ ಬಂದಿರ್ತಾರೆ. ಅದು ಅವರ ಲೆಕ್ಕದಲ್ಲಿ ಸೇವೆ. ಸರ್ವೇಯವನ ಲೆಕ್ಕದಲ್ಲಿ ಪೂಜೆಪುನಸ್ಕಾರಕ್ಕೆ ಸೇರಿದ್ರೂ ಸೇರಬಹುದು. 2019ರ ನಮ್ಮ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಸ್ವಯಂಸೇವೆ ಮತ್ತು ಟ್ರೈನಿ ಕೆಲಸ ಎರಡೂ ಸೇರಿಸಿದ್ರೂ ಆ ದಿನ ಭಾಗವಹಿಸಿದವರು 2.4 ಪರ್ಸೆಂಟ್ ಅಷ್ಟೇ. ಬೆಳಗಿನ 4ರಿಂದ ಮರುದಿನ ಬೆಳಗಿನ 4ರ ತನಕ ಒಂದೇ ದಿನದ ಲೆಕ್ಕ ಅದು, ವರ್ಷಕ್ಕೆರಡು ಸಂತರ್ಪಣೆ ಅದ್ರಲ್ಲಿ ಸಿಗೋದು ಅಪರೂಪ. ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಕರ್ಕೊಂಡು ಬರೋ ಅಜ್ಜ ಅಜ್ಜಿಯರಂತೂ ಸ್ವಯಂಸೇವೆಯ ವ್ಯಾಖ್ಯಾನದಿಂದಲೇ ಹೊರಗೆ, ಯಾಕಂದ್ರೆ ಅದು ಸ್ವಂತ ಮನೆಯವರಿಗೆ ಮಾಡೋದು.

ಪದ ಸರಿ ಮಾಡ್ಕೊಂಡ್ರೂ ಕಾರಣದ ಡಬ್ಬಿಗಳು ಸಾಲಲ್ಲ. ಪುಣ್ಯ ಬರತ್ತೆ ಅಂತ ಸೇವೆ ಮಾಡೋದು ಸ್ವಾರ್ಥಾನಾ ಪರಾರ್ಥಾನಾ? ಫಲ ನನಗೇ, ಆದ್ರೆ ಈ ಜನ್ಮದಲ್ಲಿ ಕೈಗೆ ಸಿಗೋದಲ್ಲ, ಆಯಸ್ಸಿನ ಟೇಬಲ್‌ನಲ್ಲಿ ಯಾವ ಕಾಲಂಗೆ ಹಾಕೋದು? ಊರ ಋಣ ತೀರಿಸ್ಬೇಕು ಅನ್ನೋದು ಇನ್ನೊಂದು. ದಾಸೋಹದ ಹಿನ್ನೆಲೆಯಿಂದ ಬಂದವರು ಕೊಡೋದನ್ನ ಉಪಕಾರ ಅಂತ ಕರೆಯೋಕೇ ಒಪ್ಪಲ್ಲ, ನನ್ನದಲ್ಲದ್ದನ್ನ ನಾನೇನು ಕೊಟ್ಟ ಹಾಗಾಯ್ತು ಅಂತಾರೆ. ಆಮೇಲೆ ನಮ್ಮ ದಾಕ್ಷಿಣ್ಯ. ಕಮಿಟಿ ಅಧ್ಯಕ್ಷರು ಮನೆ ತನಕ ಬಂದು "ಯಜಮಾನ್ರೇ, ನೀವಿಲ್ಲದೆ ಆಗಲ್ಲ" ಅಂದ್ಮೇಲೆ ಇಲ್ಲ ಅನ್ನೋದು ಹೇಗೆ? ಇದು ಕಾಳಜಿ ಅಲ್ಲ, ಲಾಭಾನೂ ಅಲ್ಲ, ಬಲವಂತಾನೂ ಅಲ್ಲ, ಆದ್ರೆ ನಮ್ಮೂರುಗಳ ಅರ್ಧ ಕೆಲಸ ನಡೆಯೋದು ಇದ್ರ ಮೇಲೇನೇ.

ಇನ್ನು ಉತ್ತರ ತಗೊಳ್ಳೋ ರೀತಿ. ಜಗಲಿ ಮೇಲೆ ಕೂತು ಸೊಸೆ, ಮೊಮ್ಮಗ, ಪಕ್ಕದ ಮನೆಯವರ ಮುಂದೆ "ನಿಮಗೆ ಮನೇಲಿ ಬೇಜಾರಾಗತ್ತೆ ಅಂತ ಸೇವೆಗೆ ಹೋಗ್ತೀರಾ, ಒಂದರಿಂದ ಏಳರಲ್ಲಿ ಎಷ್ಟು" ಅಂದ್ರೆ ಯಾವ ಅತ್ತೆ ತಾನೇ ಏಳು ಅಂತಾರೆ. ಒಳ್ಳೇ ಹೆಸರು ಬರೋ ಉತ್ತರ ಕೊಡೋ ಅಭ್ಯಾಸ ಎಲ್ಲಾ ದೇಶದಲ್ಲೂ ಇದೆ, ಮನಶ್ಶಾಸ್ತ್ರಜ್ಞರು ಅದನ್ನ ಅಳೆಯೋಕೂ 1960ರಷ್ಟು ಹಿಂದೇನೇ ಒಂದು ಅಳತೆಗೋಲು ಮಾಡಿಟ್ಟಿದಾರೆ, ಆದ್ರೆ ಬಾಗಿಲು ಹಾಕ್ಕೊಂಡು ಒಬ್ಬರೇ ಪೆನ್ಸಿಲ್‌ನಲ್ಲಿ ಗುರುತು ಹಾಕೋದಕ್ಕೂ ಮನೆಮಂದಿ ಮುಂದೆ ಬಾಯಲ್ಲಿ ಹೇಳೋದಕ್ಕೂ ವ್ಯತ್ಯಾಸ ಇದೆ. ಹತ್ತನೇ ವಾಕ್ಯದ ಹೊತ್ತಿಗೆ "ಎಷ್ಟಾದ್ರೂ ಹಾಕ್ಕೊಳಪ್ಪ, ಕಾಫಿ ಆರ್ತಿದೆ ಕುಡಿ" ಅಂತ ಬಂದ್ರೆ ಆ ಮುಂದಿನ ಇಪ್ಪತ್ತು ನಂಬರ್ ಯಾರದ್ದು ಅನ್ನೋದು ಸರ್ವೇ ಹುಡುಗನಿಗೆ ಮಾತ್ರ ಗೊತ್ತು.

ಆಟೋ ಚಾರ್ಜ್ ಮತ್ತು ಗೌರವಧನ

ಉದ್ದೇಶದ ಅಳತೆ ತಪ್ಪಾದ್ರೆ ಮೊದಲ ಪೆಟ್ಟು ಬೀಳೋದು ದುಡ್ಡಿನ ನಿರ್ಧಾರದ ಮೇಲೆ. ಎಲ್ಲರೂ ಕಾಳಜಿಗೆ 7 ಹಾಕಿದಾರೆ ಅಂತ ನೋಡಿದ ಅಧಿಕಾರಿ, ಇವರಿಗೆ ಏನೂ ಕೊಡೋದು ಬೇಡ ಅಂತ ಬರ್ಕೋತಾನೆ. ದುಡ್ಡು ಕೊಟ್ರೆ ಒಳಗಿನ ಆಸಕ್ತಿ ಕೆಡತ್ತೆ ಅನ್ನೋದಕ್ಕೆ ಎಡ್ವರ್ಡ್ ಡೆಸಿಯ 1971ರ ಪ್ರಯೋಗದಿಂದ ಶುರುವಾಗಿ ಒಂದು ದೊಡ್ಡ ವಾದಾನೇ ಇದೆ, ಅದನ್ನೂ ತಂದು ಇಡ್ತಾರೆ.

ಆದ್ರೆ ಆ ವಾದ ಬಹುಮಾನದ ಬಗ್ಗೆ, ಬಸ್ ಚಾರ್ಜ್ ಬಗ್ಗೆ ಅಲ್ಲ. ಅಮೆರಿಕದ ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್ಸ್ ಕಾರ್ಯಕ್ರಮ 1965ರಿಂದ ಕಡಿಮೆ ಆದಾಯದ ಹಿರಿಯರಿಗೆ ಗಂಟೆ ಲೆಕ್ಕದಲ್ಲಿ ಸಣ್ಣ ಭತ್ಯೆ ಕೊಟ್ಕೊಂಡೇ ಬಂದಿದೆ, ಎಕ್ಸ್‌ಪೀರಿಯನ್ಸ್ ಕೋರ್‌ನಲ್ಲೂ ಖರ್ಚಿಗೆ ಅಂತ ಕೊಟ್ರು. ಕೊಡದೇ ಇದ್ರೆ ಬರೋದು ಪೆನ್ಷನ್ ಇರೋರು, ಕಾರಿರೋರು, ಮಂಡಿ ಸರಿ ಇರೋರು ಮಾತ್ರ. ಆಮೇಲೆ ಅವರ ಉದ್ದೇಶ ಅಳೆದು "ಭಾರತದ ಹಿರಿಯರು ಹೀಗೆ" ಅಂತ ಬರೀತಾರೆ.

ಇನ್ನೊಂದು ತುದೀಲಿ ಇರೋ ಅಪಾಯ ನಮಗೆ ಚೆನ್ನಾಗೇ ಗೊತ್ತು. ಆಶಾ ಕಾರ್ಯಕರ್ತೆಯರನ್ನ 2005ರಲ್ಲಿ ಯೋಜನೆ ಶುರುವಾದಾಗಿನಿಂದ ಕಾಗದದ ಮೇಲೆ ವಾಲಂಟಿಯರ್ ಅಂತಾನೇ ಕರೆದಿದ್ದು, ಕೊಡೋದನ್ನ ಗೌರವಧನ, ಪ್ರೋತ್ಸಾಹಧನ ಅಂದಿದ್ದು. ದಿನವಿಡೀ ದುಡಿಯೋರಿಗೆ ಸೇವೆ ಅನ್ನೋ ಪದ ಸಂಬಳ ತಪ್ಪಿಸೋ ದಾರಿ ಆಯ್ತು ಅನ್ನೋದೇ ಅವರ ಎಲ್ಲಾ ಹೋರಾಟಗಳ ಮೂಲ. ನಾಳೆ ಶಾಲೆಗಳಲ್ಲಿ ಮೇಷ್ಟ್ರ ಹುದ್ದೆ ತುಂಬೋ ಬದಲು ನಿವೃತ್ತ ಮೇಷ್ಟ್ರ ಸೇವಾಭಾವಕ್ಕೆ ಕೈ ಮುಗಿದು ಕೂತ್ರೆ, ಆ ಸೇವಾಭಾವ ಎಷ್ಟಿದೆ ಅಂತ ಅಳೆದ ಸರ್ವೇನೇ ಅದಕ್ಕೆ ಆಧಾರ ಆಗತ್ತೆ.

ಫಾರ್ಮ್ ಸಿಗದೇ ಇದ್ದವರು

ಕೊನೇದಾಗಿ ಈ ಅಳತೆಗಳಲ್ಲಿ ಬಹುಪಾಲಿಗೆ ಇರೋ ಒಂದು ಕೊರತೆ. ಇಲ್ಲಿ ಹೇಳಿದ ಫಾರ್ಮ್‌ಗಳನ್ನ ಹೆಚ್ಚಾಗಿ ತುಂಬಿದವರು ಆಗಲೇ ಸೇವೆ ಮಾಡ್ತಿದ್ದೋರು. ಬಂದು ಬಿಟ್ಟು ಹೋದವರ ಉತ್ತರ ಸಿಗೋದು ಕಡಿಮೆ, ಬರದೇ ಇದ್ದವರದ್ದು ಇನ್ನೂ ಕಡಿಮೆ. ಹೋಟೆಲ್ ಊಟ ಹೇಗಿದೆ ಅಂತ ಒಳಗೆ ಕೂತು ಉಣ್ತಿರೋರನ್ನೇ ಕೇಳಿದ ಹಾಗೆ ಇದು.

ಬರದೇ ಇದ್ದವರ ಕಡೆ ತಿರುಗಿದ್ರೆ ಉದ್ದೇಶಕ್ಕೆ ಸಂಬಂಧವೇ ಇಲ್ಲದ ಉತ್ತರಗಳು ಬರತ್ವೆ. ಮೆಟ್ಟಿಲು ಹತ್ತೋಕಾಗಲ್ಲ, ಮನೇಲಿ ಹಾಸಿಗೆ ಹಿಡಿದವರಿದ್ದಾರೆ, ಬಸ್ ಇಲ್ಲ. ಇವರ ಕಾಳಜಿಗೆ ಏಳಕ್ಕೆ ಏಳು ಬಂದ್ರೂ ಇವರು ಬರೋಕಾಗಲ್ಲ, ಹಾಗಾಗಿ ಜನರ ಮನಸ್ಸು ಬದಲಾಯಿಸೋ ಜಾಹೀರಾತಿಗೆ ಹಾಕೋ ದುಡ್ಡು ಅಲ್ಲಿ ದಂಡ, ರ್‍ಯಾಂಪ್‌ಗೆ ಹಾಕಿದ್ರೆ ಕೆಲಸಕ್ಕೆ ಬರತ್ತೆ. ಅಮೆರಿಕದ ಸರ್ವೇಗಳು ಹಿಂದಿನಿಂದ ಹೇಳ್ತಾ ಬಂದಿರೋ ಇನ್ನೊಂದು ವಿಷಯ ಇದೆ, ಯಾರಾದ್ರೂ ನೇರವಾಗಿ ಬಂದು ಕರೆದವರಲ್ಲಿ ಸೇವೆಗೆ ಬರೋರ ಪ್ರಮಾಣ, ಯಾರೂ ಕರೆಯದವರಿಗಿಂತ ತುಂಬಾ ಜಾಸ್ತಿ. ವಯಸ್ಸಾದ ಹಾಗೆ ಆಫೀಸ್ ಬಿಟ್ಟುಹೋಗತ್ತೆ, ಸ್ನೇಹಿತರು ಒಬ್ಬೊಬ್ಬರೇ ಕಡಿಮೆ ಆಗ್ತಾರೆ, ಮಕ್ಕಳ ಊರಿಗೆ ಬಂದು ಫ್ಲ್ಯಾಟ್‌ನಲ್ಲಿ ಇರೋರಿಗೆ ಅಕ್ಕಪಕ್ಕದವರ ಹೆಸರೂ ಗೊತ್ತಿರಲ್ಲ, ಅಂದ್ರೆ ಕರೆಯೋರೇ ಕಡಿಮೆ ಆಗ್ತಾ ಹೋಗ್ತಾರೆ. "ನೀವು ಯಾಕೆ ಹೋಗಲ್ಲ" ಅಂದ್ರೆ "ಯಾರೂ ಕರೀಲಿಲ್ಲವಲ್ಲಪ್ಪ" ಅಂತ ಬರೋ ಉತ್ತರಕ್ಕೆ ಆ ಮೂವತ್ತು ವಾಕ್ಯದಲ್ಲಿ ಜಾಗ ಇಲ್ಲ, ಯಾಕಂದ್ರೆ ಅದು ಅವರ ಒಳಗಿನ ಉದ್ದೇಶ ಅಲ್ಲ, ನಮ್ಮ ಕಡೆಯಿಂದ ಆಗದೇ ಉಳಿದ ಕೆಲಸ.